ಆ ಬಿಳಿ ಶಿಲ್ಪಗಳಿಗೂ ಬಣ್ಣವಿತ್ತು

ಗ್ರೀಕರ ಶಿಲ್ಪ ಎಂದರೆ ನಮಗೆ ನೆನಪಾಗುವುದು ಪಠ್ಯಪುಸ್ತಕದಲ್ಲಿ ಕಂಡ ಬೆಳ್ಳನೆಯ ಅಮೃತಶಿಲೆ. ಆದರೆ ಕೆತ್ತಿದವರು ಅದನ್ನು ಹಾಗೇ ಬಿಟ್ಟಿರಲಿಲ್ಲ. ತುಟಿಗೆ ಕೆಂಪು, ಉಡುಪಿನ ಅಂಚಿಗೆ ನೀಲಿ, ಹಸಿರು ಬಳಿಯುತ್ತಿದ್ದರು. ನಮ್ಮಲ್ಲಿ ಜಾತ್ರೆಗೆ ಮುಂಚೆ ಗ್ರಾಮದೇವತೆಯ ಮರದ ಮೂರ್ತಿಗೆ ಬಣ್ಣ ಹಚ್ಚುವುದಿಲ್ಲವೇ, ಹಾಗೆ.

ನಿನ್ನ ಶಿಲ್ಪಗಳಲ್ಲಿ ನಿನಗೆ ಯಾವುದು ಹೆಚ್ಚು ಇಷ್ಟ ಎಂದು ಪ್ರಾಕ್ಸಿಟಿಲೀಸ್ ಎಂಬ ದೊಡ್ಡ ಶಿಲ್ಪಿಯನ್ನು ಕೇಳಿದರಂತೆ. ನಿಕಿಯಾಸ್ ಬಣ್ಣ ಹಾಕಿದವು ಎಂದನಂತೆ. ರೋಮಿನ ಪ್ಲಿನಿ ಇದನ್ನು ಬರೆದಿಟ್ಟಿದ್ದಾನೆ.

ಹಾಗಾದರೆ ಬಣ್ಣ ಎಲ್ಲಿ ಹೋಯಿತು? ಬಹುಪಾಲು ಮಳೆ, ಬಿಸಿಲು, ಮಣ್ಣಿನ ಪಾಲಾಯಿತು. ಉಳಿದದ್ದಕ್ಕೆ ಮನುಷ್ಯರೂ ಕೈಹಾಕಿದರು. ದೇಹ ಬೆಳ್ಳಗಿದ್ದಷ್ಟೂ ಚೆಲುವು ಎಂದು ಜರ್ಮನಿಯ ವಿದ್ವಾಂಸ ವಿಂಕಲ್‌ಮನ್ 1764ರಲ್ಲಿ ಬರೆದ. ಬಿಳಿಯೇ ಶುದ್ಧ ಎಂಬ ಭಾವನೆ ಯುರೋಪಿನಲ್ಲಿ ಬೇರೂರಿತು. 1937-38ರಲ್ಲಿ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿ, ಅಥೆನ್ಸಿನ ಪಾರ್ಥೆನಾನ್ ಗುಡಿಯಿಂದ ತಂದಿದ್ದ ಶಿಲ್ಪಗಳನ್ನು ಬೆಳ್ಳಗಾಗಿಸಲು ತಾಮ್ರದ ಉಪಕರಣಗಳಿಂದ ಕೆರೆದರು. ಹಲವು ಶಿಲ್ಪಗಳ ಮೇಲ್ಪದರವೇ ಹೋಯಿತು.

ಆದರೂ ಎಲ್ಲವೂ ಅಳಿಯಲಿಲ್ಲ. ಈಜಿಪ್ಟ್ ನೀಲಿ ಎಂಬ ಹಳೆಯ ಬಣ್ಣದ ಮೇಲೆ ಕೆಂಪು ಬೆಳಕು ಬಿಟ್ಟರೆ, ಕಣ್ಣಿಗೆ ಕಾಣದ ಕಣವೂ ಇನ್‌ಫ್ರಾರೆಡ್ ಕ್ಯಾಮೆರಾದಲ್ಲಿ ಹೊಳೆಯುತ್ತದೆ. ಪಾರ್ಥೆನಾನಿನ ಐರಿಸ್ ದೇವತೆಯ ಸೊಂಟಪಟ್ಟಿಯಲ್ಲಿ ಆ ನೀಲಿ 2009ರಲ್ಲಿ ಹೀಗೆಯೇ ಪತ್ತೆಯಾಯಿತು.

ನಮ್ಮ ಬಾದಾಮಿಯ ಮೂರನೇ ಗುಹೆಯಲ್ಲೂ ಚಾಲುಕ್ಯರ ಕಾಲದ ಚಿತ್ರಗಳ ಬಣ್ಣ ಅಲ್ಲಲ್ಲಿ ಉಳಿದಿದೆ. ನಿಮ್ಮೂರ ಹಳೆಯ ಗುಡಿಯನ್ನು ಸ್ವಚ್ಛ ಮಾಡಲು ಆಸಿಡ್, ತಂತಿ ಬ್ರಷ್ ತಂದರೆ ಒಂದು ಕ್ಷಣ ತಡೆಯಿರಿ. ಕೊಳೆ ಎಂದುಕೊಂಡದ್ದು ಬಣ್ಣವೂ ಆಗಿರಬಹುದು. ಒಮ್ಮೆ ಕೆರೆದರೆ ಮತ್ತೆ ಬಾರದು.