ಸಕ್ಕರೆಯೂ ಶುಗರೂ

ಮಂಡ್ಯ ಸೀಮೆಯ ಆಡುಮಾತಿನಲ್ಲಿ 'ಶುಗರ್' ಎಂದರೆ ಒಂದೋ ಕಾರ್ಖಾನೆ, ಇಲ್ಲವೇ ಕಾಯಿಲೆ. ಕಾಫಿಗೆ ಬೆರೆಸುವುದು ಮಾತ್ರ ಸಕ್ಕರೆಯೇ. ಮೊದಲನೆಯದು ಪರಕೀಯ, ಎರಡನೆಯದು ನಮ್ಮದು ಎಂಬ ಭಾವನೆ ಸಹಜ. ಆದರೆ ಇವೆರಡೂ ಒಂದೇ ಪದದ ಎರಡು ರೂಪಗಳು.

ಮೂಲ ಸಂಸ್ಕೃತದ 'ಶರ್ಕರಾ'. ಅದರ ಮೊದಲ ಅರ್ಥ ಸಿಹಿಯಲ್ಲ, ನೊರಜುಕಲ್ಲು, ಹರಳು. ತತ್ತ್ವಾರ್ಥಸೂತ್ರದ ಮೂರನೆಯ ಅಧ್ಯಾಯದಲ್ಲಿ ಹೇಳಿರುವ ಏಳು ನರಕಭೂಮಿಗಳಲ್ಲಿ ಎರಡನೆಯದು ಶರ್ಕರಾಪ್ರಭೆ. ಅಲ್ಲಿ ಸಕ್ಕರೆಯ ಸವಿಯನ್ನು ನಿರೀಕ್ಷಿಸುವಂತಿಲ್ಲ! ಸುಶ್ರುತನಲ್ಲಿ ಶರ್ಕರೆಯೆಂಬುದು ಮೂತ್ರದಲ್ಲಿ ಕಾಣುವ ಹರಳಿನ ರೋಗವೂ ಹೌದು. ಕಬ್ಬಿನ ರಸವನ್ನು ಕಾಯಿಸಿ ಹರಳುಗಟ್ಟಿಸಿದಾಗ ಕಲ್ಲಿನ ಹೆಸರು ಸಿಹಿಗೆ ಬಂದಿತು. ಹೀಗಾಗಿ 'ಕಲ್ಲುಸಕ್ಕರೆ' ಎನ್ನುವಾಗ ಕಲ್ಲನ್ನು ಎರಡು ಸಲ ಹೇಳಿದಂತಾಗುತ್ತದೆ.

ಸಂಸ್ಕೃತದ 'ಕರ್ಕಶ' ಕನ್ನಡದಲ್ಲಿ 'ಕಕ್ಕಸ'ವಾದಂತೆ 'ಶರ್ಕರೆ' 'ಸಕ್ಕರೆ'ಯಾಯಿತು. ಪ್ರಾಕೃತದ 'ಸಕ್ಕರ' ಇದರ ಒಡಹುಟ್ಟು. ಪ್ರಾಕೃತವನ್ನು ಬದಿಗಿಟ್ಟು ಕೇವಲ ಸಂಸ್ಕೃತದಿಂದ ಶಬ್ದಚರಿತ್ರೆ ಬರೆಯುವವರು ಈ ನಡುವಣ ಮೆಟ್ಟಿಲನ್ನು ಕಾಣುವುದಿಲ್ಲ. ಕ್ರಿಸ್ತಶಕ ಮೊದಲ ಶತಮಾನದ ಗ್ರೀಕ್ ವೈದ್ಯ ಡಯಾಸ್ಕೋರಿಡಿಸ್ ಭಾರತದ ಜೊಂಡಿನಲ್ಲಿ ದೊರೆಯುವ ಗಟ್ಟಿಜೇನನ್ನು 'ಸಾಕ್ಖರೋನ್' ಎಂದನು. ಇನ್ನೊಂದು ದಾರಿಯಲ್ಲಿ ಪದವು ಪಾರಸಿಯ 'ಶಕರ್', ಅರಬ್ಬಿಯ 'ಸುಕ್ಕರ್' ಆಗಿ, ವ್ಯಾಪಾರಿಗಳೊಡನೆ ಇಟಲಿ, ಫ್ರಾನ್ಸ್‌ಗಳನ್ನು ದಾಟಿ ಇಂಗ್ಲಿಷಿನಲ್ಲಿ 'ಶುಗರ್' ಎನಿಸಿತು. ನಮ್ಮ 'ಖಂಡ'ವೂ ಅದೇ ಹಾದಿ ಹಿಡಿದು 'ಕ್ಯಾಂಡಿ'ಯಾಯಿತು.

ಮರುಪಯಣ ತೀರ ಈಚಿನದು. ಕೃಷ್ಣರಾಜಸಾಗರದ ನೀರು ಇರ್ವಿನ್ ನಾಲೆಯಲ್ಲಿ, ಅಂದರೆ ಇಂದಿನ ವಿಶ್ವೇಶ್ವರಯ್ಯ ನಾಲೆಯಲ್ಲಿ, ಮಂಡ್ಯ, ಮದ್ದೂರು, ಮಳವಳ್ಳಿಗಳ ಕಡೆ ಹರಿದಾಗ ರಾಗಿಯ ಹೊಲಗಳು ಕಬ್ಬಿನ ಗದ್ದೆಗಳಾದವು. ಕೃಷಿ ನಿರ್ದೇಶಕ ಲೆಸ್ಲಿ ಕೋಲ್ಮನ್ನರ ಮುತುವರ್ಜಿಯಿಂದ 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಗೊಂಡಿತು. ಜನರ ಬಾಯಲ್ಲಿ ಅದು 'ಮೈಷುಗರ್'. ಜಿಲ್ಲೆಯೇ ರೂಪುಗೊಂಡದ್ದು ಅದಾದ ಆರು ವರ್ಷಗಳ ಮೇಲೆ, 1939ರಲ್ಲಿ. ದೇಶ ಸುತ್ತಿ ಬಂದ ಪದ ತವರಿನಲ್ಲೇ ಅನ್ಯಭಾಷೆಯದೆನಿಸಿ ಕಾರ್ಖಾನೆಯ ಫಲಕವೇರಿತು.

ಇಂಗ್ಲಿಷರು ಬೆಲ್ಲಕ್ಕೆ ಹೇಳುವ 'ಜಾಗರಿ'ಯೂ ಶರ್ಕರೆಯ ಮಗಳೇ. ಪಶ್ಚಿಮ ಕರಾವಳಿಯ ನುಡಿಗಳಿಂದ ಪೋರ್ಚುಗೀಸರು ಎತ್ತಿಕೊಂಡದ್ದು. ಆಲೆಮನೆಯ ಕೊಪ್ಪರಿಗೆಯಿಂದ ಇಳಿದು ಅಚ್ಚಿಗೆ ಬೀಳುವ 'ಬೆಲ್ಲ' ಮಾತ್ರ ಈ ವಂಶದ್ದಲ್ಲ. ಅದು ತಮಿಳಿನ 'ವೆಲ್ಲಂ'ನ ಸೋದರ, ದ್ರಾವಿಡ ಪದ, ಕಡಲು ದಾಟಲಿಲ್ಲ.