ಹಾಲಿ ಸಿಕ್ಕಾದಿಂದ ನಯಾ ಪೈಸೆಗೆ: ಹತ್ತು ವರ್ಷದೊಳಗೆ ಎರಡು ಸಲ ಬದಲಾದ ನಮ್ಮ ಭಾಗದ ರೂಪಾಯಿ ಲೆಕ್ಕ

ಸೇಡಂ: ಎಂಟಾಣೆ ಅಂದ್ರೆ ಎಷ್ಟು ಅಂತ ಈಗಿನ ಹುಡುಗರನ್ನ ಕೇಳಿ ನೋಡಿ, 50 ಪೈಸೆ ಅಂತ ಥಟ್ಟನೆ ಹೇಳ್ತಾರ. ನಾಕಾಣೆ ಅಂದ್ರೆ 25 ಪೈಸೆ, ಅದೂ ಗೊತ್ತದ. ಹಂಗಾದ್ರ ಒಂದಾಣೆ ಎಷ್ಟು ಅಂದ್ರೆ ಸುಮ್ಮನಾಗ್ತಾರ. ಲೆಕ್ಕ ಹಾಕಿದ್ರೆ 6 ಪೈಸೆ, ಮ್ಯಾಲೊಂದು ಕಾಲು ಪೈಸೆ ಬರ್ತದ. ಆ ಕಾಲು ಪೈಸೆ ಗಿರಾಕಿ ಕಿಸೆದಾಗ ಉಳೀಬೇಕಾ, ಅಂಗಡಿಯವರ ಗಲ್ಲಾಕ್ಕೆ ಬೀಳಬೇಕಾ? 1957ರ ಏಪ್ರಿಲ್ 1ರಂದು ದೇಶದಾಗಿನ ಪ್ರತಿ ಕಿರಾಣಿ ಅಂಗಡಿ ಮುಂದೆ ಬಂದು ನಿಂತ ಪ್ರಶ್ನೆ ಇದೇ.

ಆದ್ರೆ ಸೇಡಂ, ಚಿತ್ತಾಪುರ, ಚಿಂಚೋಳಿ, ಶಹಾಬಾದ್, ವಾಡಿ ಮಂದಿಗೆ ಇದು ಮೊದಲ ಬದಲಾವಣೆ ಅಲ್ಲ. ಏಳೇ ವರ್ಷದ ಹಿಂದೆ ಅವರು ಒಂದು ರೂಪಾಯಿ ಬಿಟ್ಟು ಇನ್ನೊಂದು ರೂಪಾಯಿ ಹಿಡಿದಿದ್ದರು. ಮೈಸೂರು, ಧಾರವಾಡದ ಕಡೆಯವರಿಗೆ ಈ ತಾಪತ್ರಯ ಇರಲಿಲ್ಲ. ಹಾಗಾಗಿ ನಮ್ಮ ಭಾಗದ ಕತೆ ಬೇರೇನೇ ಹೇಳಬೇಕು.

ಹಾಲಿ ರೂಪಾಯಿ, ಕಲ್ದಾರ್ ರೂಪಾಯಿ

ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಅದರದೇ ನಾಣ್ಯ ಇತ್ತು. ಹೆಸರು ಹಾಲಿ ಸಿಕ್ಕಾ. ಚಾರ್‌ಮಿನಾರ್ ಚಿತ್ರದ ಬೆಳ್ಳಿ ರೂಪಾಯಿ ಹೈದರಾಬಾದಿನ ಟಂಕಸಾಲೆಯಲ್ಲೇ ತಯಾರಾಗ್ತಿತ್ತು. 1918ರಿಂದ ಸಂಸ್ಥಾನದ ಕಾಗದದ ನೋಟೂ ಬಂತು. ಬ್ರಿಟಿಷರ ಕಾಲದಾಗ ಸ್ವಂತ ನೋಟು ಹೊರಡಿಸೋ ಅಷ್ಟು ದೊಡ್ಡ ಅವಕಾಶ ಬೇರೆ ಸಂಸ್ಥಾನಗಳಿಗೆ ಇರಲಿಲ್ಲ. ಆ ನೋಟಿನ ಮೇಲೆ ಉರ್ದು ಜೊತೆಗೆ ಕನ್ನಡ, ತೆಲುಗು, ಮರಾಠಿಯಲ್ಲೂ ಬೆಲೆ ಬರೆದಿರ್ತಿತ್ತು. ಕಚೇರಿಯ ಕಾಗದ ಉರ್ದುವಿನಲ್ಲಿ, ವರ್ಷದ ಲೆಕ್ಕ ಫಸಲಿಯಲ್ಲಿ ಇದ್ದ ಕಾಲಕ್ಕೂ ನೋಟಿನ ಮೇಲೆ ಕನ್ನಡ ಇತ್ತು ಅನ್ನೋದು ಗಮನಿಸಬೇಕಾದ ಮಾತು.

ಬ್ರಿಟಿಷ್ ಇಂಡಿಯಾದ ರೂಪಾಯಿಗೆ ನಮ್ಮ ಕಡೆ ಕಲ್ದಾರ್ ಅಂತಿದ್ದರು. ಎರಡರಲ್ಲೂ 16 ಆಣೆಗೆ ಒಂದು ರೂಪಾಯಿ, 12 ಪೈಗೆ ಒಂದು ಆಣೆ. ಆದ್ರೆ ಬೆಲೆ ಒಂದೇ ಅಲ್ಲ. 6 ಕಲ್ದಾರ್ ಕೊಟ್ಟರೆ 7 ಹಾಲಿ ಬರ್ತಿತ್ತು. ಅಂದ್ರೆ ಒಂದು ಕಲ್ದಾರ್ ರೂಪಾಯಿಗೆ ಹಾಲಿ ಲೆಕ್ಕದಾಗ 1 ರೂಪಾಯಿ 2 ಆಣೆ 8 ಪೈ. ಇದನ್ನ ಬಾಯಿಲೆಕ್ಕದಾಗ ಮಾಡೋದು ಹುಡುಗಾಟ ಅಲ್ಲ.

ಈ ಎರಡು ರೂಪಾಯಿ ಮುಖಾಮುಖಿ ಆಗೋ ಜಾಗ ಅಂದ್ರೆ ವಾಡಿ ಜಂಕ್ಷನ್. ಮುಂಬೈ–ಮದ್ರಾಸ್ ಮಾರ್ಗದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲು ಇದೇ ದಾರಿಯಲ್ಲಿ ಹೋಗ್ತಿತ್ತು. 1874ರಲ್ಲಿ ವಾಡಿಯಿಂದ ಸಿಕಂದರಾಬಾದ್‌ಗೆ ನಿಜಾಮರ ರೈಲು ಶುರುವಾಯ್ತು. ಶಹಾಬಾದಿನ ಫರಸಿ ಕಲ್ಲು, ಆಮೇಲೆ ಸಿಮೆಂಟು, ನಮ್ಮ ಭಾಗದ ತೊಗರಿ ಇವೆಲ್ಲ ಸಂಸ್ಥಾನದ ಗಡಿ ದಾಟಿದ್ರೆ ಕಲ್ದಾರ್ ಲೆಕ್ಕ, ಊರೊಳಗೆ ಹಾಲಿ ಲೆಕ್ಕ. ಹೊರಗಿನ ವ್ಯಾಪಾರ ಇದ್ದವರಿಗೆ ಎರಡೂ ಬೇಕೇ ಬೇಕು.

1948ರ ಸೆಪ್ಟೆಂಬರ್ 17ರಂದು ಹೈದರಾಬಾದ್ ಭಾರತಕ್ಕೆ ಸೇರಿತು. 1950ರಲ್ಲಿ ಭಾರತದ ರೂಪಾಯಿ ಇಲ್ಲಿಗೂ ಬಂತು, 7 ಹಾಲಿಗೆ 6 ರೂಪಾಯಿ ಅನ್ನೋ ಹಳೇ ದರದಲ್ಲೇ. 1951ರಿಂದ ಹೊಸ ಹಾಲಿ ಹೊರಡಿಸೋದು ನಿಂತಿತು. ಆದ್ರೆ ಮಂದಿ ಕೈಯಾಗ ಇದ್ದದ್ದು ಒಮ್ಮೆಗೇ ಮಾಯ ಆಗಲಿಲ್ಲ, ಇನ್ನೂ ಕೆಲ ವರ್ಷ ಓಡಾಡ್ತಾನೇ ಇತ್ತು.

ಇದರಾಗ ನಿಜವಾದ ತೊಂದರೆ ಸಂತೆಯ ಚಿಲ್ಲರೆದಲ್ಲ, ಸಾಲದ್ದು. ಹಾಲಿ ಲೆಕ್ಕದಾಗ 100 ರೂಪಾಯಿ ಸಾಲ ತಗೊಂಡವರು ಹೊಸ ರೂಪಾಯಿಯಲ್ಲಿ ತೀರಿಸಬೇಕಾದದ್ದು 85 ರೂಪಾಯಿ 11 ಆಣೆ ಚಿಲ್ಲರೆ ಮಾತ್ರ. ಕಾಗದದ ಮೇಲೆ ಬರೇ "100 ರೂಪಾಯಿ" ಅಂತ ಇದ್ದು ಯಾವ ರೂಪಾಯಿ ಅಂತ ಬರೆದಿರದಿದ್ರೆ? 14 ರೂಪಾಯಿ ಮ್ಯಾಲೆ ಫರಕು. ಓದು ಬರಹ ಬರದ ರೈತರಿಗೆ ಇದು ಸಣ್ಣ ಮೊತ್ತ ಅಲ್ಲ.

ಏಪ್ರಿಲ್ 1, 1957

1956ರ ನವೆಂಬರ್ 1ರಂದು ಗುಲ್ಬರ್ಗಾ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು. ಜಿಲ್ಲೆಯ ತಾಂಡೂರು, ಕೊಡಂಗಲ್ ತಾಲೂಕು ಆಂಧ್ರದ ಕಡೆ ಉಳಿದವು. ಸೇಡಂ, ಚಿಂಚೋಳಿ ಮಗ್ಗುಲಲ್ಲೇ ರಾಜ್ಯದ ಗಡಿ ಬಿದ್ದಂಗಾಯ್ತು. ಅದಾಗಿ ಐದೇ ತಿಂಗಳಿಗೆ ನಯಾ ಪೈಸೆ.

ಇದಕ್ಕೆ ಕಾನೂನು ಮಾತ್ರ ಮೊದಲೇ ಆಗಿತ್ತು. 1955ರಲ್ಲಿ ಸಂಸತ್ತು ನಾಣ್ಯ ಕಾಯ್ದೆಗೆ ತಿದ್ದುಪಡಿ ತಂದು ರೂಪಾಯಿಗೆ 100 ಪೈಸೆ ಅಂತ ಮಾಡಿತ್ತು. ಜಾರಿ ಆಗಿದ್ದು 1957ರ ಏಪ್ರಿಲ್ 1ಕ್ಕೆ. ರೂಪಾಯಿಯ ಬೆಲೆ ಬದಲಾಗಲಿಲ್ಲ. ಅದರೊಳಗಿನ ಪಾಲು ಬದಲಾಯ್ತು. ಮೊದಲು ಒಂದು ರೂಪಾಯಿಗೆ 16 ಆಣೆ, ಅಥವಾ 64 ಪೈಸೆ, ಅಥವಾ 192 ಪೈ. ಈಗ 100.

"ನಯಾ" ಅನ್ನೋ ಹೆಸರು ಸುಮ್ಮನೆ ಇಟ್ಟದ್ದಲ್ಲ. ಹಳೇ ಪೈಸೆ ರೂಪಾಯಿಗೆ 64, ಹೊಸದು 100. ಅಂದ್ರೆ ಹಳೇ ಒಂದು ಪೈಸೆಗೆ ಹೊಸದು ಒಂದೂವರೆಗಿಂತ ಸ್ವಲ್ಪ ಜಾಸ್ತಿ ಕೊಡಬೇಕು. ಎರಡಕ್ಕೂ ಬರೇ ಪೈಸೆ ಅಂದಿದ್ರೆ ದಿನಾ ಜಗಳ. ಹೊಸ ನಾಣ್ಯದ ಮೇಲೆ "ರೂಪಾಯಿಯ ನೂರನೇ ಭಾಗ" ಅಂತ ಹಿಂದಿಯಲ್ಲಿ ಕೊರೆದಿದ್ದರು. ಉರ್ದು ಶಾಲೆ ಕಲಿತವರೇ ಜಾಸ್ತಿ ಇದ್ದ ನಮ್ಮ ಭಾಗದಾಗ ಅದನ್ನ ಎಷ್ಟು ಮಂದಿ ಓದಿರಬಹುದು ಅಂತ ನೀವೇ ಊಹಿಸಿ. ಮಂದಿ ಆಕಾರ ನೋಡಿ, ಕೈಯಾಗ ಹಿಡಿದು ಗುರುತು ಹಿಡಿಯೋರು. ತೊಡಕು ಅಲ್ಲೇ ಇತ್ತು.

ಬಸವನ ಚಿತ್ರದ ಹಳೇ ಒಂದಾಣೆಗೆ ಅಂಚು ಹೂವಿನ ದಳದ ಹಂಗ. ಹೊಸ 2 ಪೈಸೆ, 10 ಪೈಸೆಗೂ ಅದೇ ತರದ ಅಂಚು. ಅಗಲ ನೋಡಿದ್ರೆ 2 ಪೈಸೆ 18 ಮಿಲಿಮೀಟರ್, ಒಂದಾಣೆ 21, 10 ಪೈಸೆ 23. ಅಂದ್ರೆ 6 ಪೈಸೆ ಬೆಲೆಯ ನಾಣ್ಯ ಎರಡು ಮತ್ತು ಹತ್ತರ ನಡುವೆ ಸಿಕ್ಕಿಬಿತ್ತು. ಹಳೇ ಎರಡಾಣೆ ಚೌಕ, ಅರ್ಧಾಣೆ ಚೌಕ, ಹೊಸ 5 ಪೈಸೆಯೂ ಚೌಕ. ಕಂದೀಲಿನ ಬೆಳಕಿನಾಗ ಸಂತೆ ವ್ಯಾಪಾರ ಮಾಡೋ ಮುದುಕಿಗೆ ಎರಡಾಣೆ ಅಂತ 5 ಪೈಸೆ ಕೊಟ್ಟರೆ ಏಳು ಪೈಸೆ ಮ್ಯಾಲೆ ಹೊಡೆತ. ಹಳೇ ನಾಣ್ಯ, ಹೊಸ ನಾಣ್ಯ ಎರಡೂ ಒಟ್ಟಿಗೆ ಚಲಾವಣೆಯಲ್ಲಿದ್ದ ವರ್ಷಗಳಲ್ಲಿ ಈ ಗೊಂದಲ ದಿನದ ಮಾತು. ಶುರುವಿಗೆ ಬಂದದ್ದು 1, 2, 5, 10, 25 ಪೈಸೆ. ಹೊಸ 50 ಪೈಸೆ 1960ಕ್ಕೆ ಬಂತು. ಅಲ್ಲಿ ತನಕ ಹಳೇ ಎಂಟಾಣೆಯೇ 50 ಪೈಸೆ ಕೆಲಸ ಮಾಡ್ತು.

ಒಂದಾಣೆಗೆ 6, ಮೂರಾಣೆಗೆ 19

ಸರ್ಕಾರದ ಕೋಷ್ಟಕ ಹೀಗಿತ್ತು: ಒಂದಾಣೆಗೆ 6 ನಯಾ ಪೈಸೆ, ಎರಡಾಣೆಗೆ 12, ಮೂರಾಣೆಗೆ 19, ನಾಕಾಣೆಗೆ 25, ಐದಾಣೆಗೆ 31, ಆರಾಣೆಗೆ 37, ಏಳಾಣೆಗೆ 44, ಎಂಟಾಣೆಗೆ 50. ಅದರ ಮ್ಯಾಲಿನದಕ್ಕೆ ಇದೇ ಸಂಖ್ಯೆಗೆ 50 ಕೂಡಿಸಿದ್ರಾಯ್ತು. ಒಂದಾಣೆಗಿಂತ ಕೆಳಗೆ 3 ಪೈಗೆ 2, 6 ಪೈಗೆ 3, 9 ಪೈಗೆ 5.

ಮೂರಾಣೆಗೆ 18 ಬಿಟ್ಟು 19 ಯಾಕ? ಕಾಯ್ದೆಯ ನಿಯಮ ಅಂದ್ರೆ ಹತ್ತಿರದ ಪೈಸೆಗೆ ತರೋದು, ಸರಿಯಾಗಿ ಅರ್ಧಕ್ಕೆ ನಿಂತರೆ ಕೆಳಗಿನದಕ್ಕೆ ಇಳಿಸೋದು. ಮೂರಾಣೆ ಅಂದ್ರೆ 18.75, ಹಾಗಾಗಿ 19. ಎರಡಾಣೆ 12.50, ಹಾಗಾಗಿ 12. (ಈಗಿನ ಜಿಎಸ್‌ಟಿಯಲ್ಲಿ ಉಲ್ಟಾ. ತೆರಿಗೆ ಮೊತ್ತದಾಗ 50 ಪೈಸೆ ಬಂದ್ರೆ ಮ್ಯಾಲಿನ ರೂಪಾಯಿಗೆ ಏರಿಸ್ತಾರ.)

ಕಾಯ್ದೆಯಲ್ಲಿ ಇನ್ನೊಂದು ಮುಖ್ಯ ಮಾತಿತ್ತು. ಒಂದು ವ್ಯವಹಾರದಾಗ ಕೊಡೋ ಎಲ್ಲ ಹಳೇ ನಾಣ್ಯ ಕೂಡಿಸಿ, ಆಮೇಲೆ ಪೈಸೆಗೆ ತಿರುಗಿಸಬೇಕು, ಒಂದೊಂದನ್ನೇ ತಿರುಗಿಸಬಾರದು. ಒಂದೊಂದಾಣೆಯ ನಾಕು ಸಾಮಾನು ತಗೊಂಡವರಿಗೆ 6ರ ಹಂಗ ನಾಕು ಸಲ ಕೂಡಿದ್ರೆ 24, ನಾಕಾಣೆ ಅಂತ ಒಟ್ಟಿಗೆ ಹಿಡಿದ್ರೆ 25. ಈ ಒಂದು ಪೈಸೆ ತಿಳಿದವರು ಬೇರೆ ಬೇರೆ ಸಲ ಬಂದು ಖರೀದಿ ಮಾಡಬಹುದಿತ್ತು.

ಈಗ ಅಂಗಡಿಯವರ ಕಡೆಯಿಂದ ನೋಡಿ. ಒಂದಾಣೆಗೆ ಒಂದು ಕಪ್ ಚಹಾ ಅಂತ ಇಟ್ಕೊಳ್ಳಿ. 16 ಕಪ್‌ಗೆ ಮೊದಲು ಪೂರ್ತಿ ರೂಪಾಯಿ. 6 ಪೈಸೆಗೆ ಮಾರಿದ್ರೆ 96 ಪೈಸೆ, ಹೋಟೆಲಿನವರಿಗೆ 4 ಪೈಸೆ ಲುಕ್ಸಾನು. 7 ಮಾಡಿದ್ರೆ 1 ರೂಪಾಯಿ 12 ಪೈಸೆ, ಗಿರಾಕಿಗೆ 12 ಪೈಸೆ ಬರೆ. ನಡುವೆ ಬೇರೆ ದಾರಿ ಇಲ್ಲ.

ಬಡವರ ಸಾಮಾನಿಗೆ ಇನ್ನೂ ಕಷ್ಟ. ಹಳೇ ಒಂದು ಪೈಸೆಗೆ ಸಿಗೋ ಸಾಮಾನು, ಅಂದ್ರೆ ಎರಡು ಬೀಡಿನೋ, ಒಂದು ಹಿಡಿ ಉಪ್ಪೋ, ಹೊಸ ಲೆಕ್ಕದಾಗ 2 ಪೈಸೆ ಆಯ್ತು ಅನ್ನಿ. ಮೊದಲು ರೂಪಾಯಿಗೆ 64 ಸಲ ಬರೋದು ಈಗ 50 ಸಲ. 64 ಸಲ ಬೇಕಂದ್ರೆ 1 ರೂಪಾಯಿ 28 ಪೈಸೆ. ರೂಪಾಯಿಗಟ್ಟಲೆ ಒಮ್ಮೆಗೇ ಖರೀದಿ ಮಾಡೋರಿಗೆ ದಶಮಾನ ಪದ್ಧತಿಯಿಂದ ಒಂದು ಪೈಸೆನೂ ಹೋಗಲಿಲ್ಲ. ದಿನಗೂಲಿ ತಂದು ಅವತ್ತಿಂದು ಅವತ್ತೇ ತಗೊಳ್ಳೋ ಮಂದಿಗೇ ಬಿತ್ತು ಪೆಟ್ಟು. ಫರಸಿ ಗಣಿ, ಸಿಮೆಂಟ್ ಕಾರ್ಖಾನೆ ಕೂಲಿ ನಂಬಿದ ಶಹಾಬಾದ್‌ನಂಥ ಊರಿನಾಗ ಇಂಥವರೇ ಹೆಚ್ಚು. ಇಂಥಲ್ಲಿ ಚೀಟಿ ಬರೆಸಿ ತಿಂಗಳಿಗೊಮ್ಮೆ ಖಾತೆ ತೀರಿಸೋ ಪದ್ಧತಿ ಗಿರಾಕಿಗೇ ಅನುಕೂಲ, ಯಾಕಂದ್ರೆ ಚೂರು ಪಾರು ಒಟ್ಟಿಗೇ ಕೂಡಿ ತಿರುಗ್ತದ.

ಪೋಸ್ಟ್ ಆಫೀಸಿನಾಗ ಅದೇ ದಿನ ಭಾರತದ ನಕಾಶೆ ಇರೋ ನಯಾ ಪೈಸೆ ಅಂಚೆ ಚೀಟಿ ಬಂದವು. ಅದರಾಗ 13 ಪೈಸೆದೂ ಒಂದಿತ್ತು. ನಮ್ಮ ವ್ಯಾಪಾರಿಗಳ ಖಾತೆ ಪುಸ್ತಕ ದೀಪಾವಳಿ ಪಾಡ್ಯಕ್ಕೆ ಪೂಜೆ ಆಗಿ ಶುರುವಾಗೋದು. ಏಪ್ರಿಲ್ ಅಂದ್ರೆ ಕೀರ್ದಿಯ ನಟ್ಟನಡುವೆ. ಒಂದೇ ಪುಸ್ತಕದಾಗ ಮೊದಲರ್ಧ ರೂಪಾಯಿ-ಆಣೆ-ಪೈ ಮೂರು ಕಾಲಂ, ಉಳಿದರ್ಧ ರೂಪಾಯಿ-ಪೈಸೆ ಎರಡೇ ಕಾಲಂ. ಮಕ್ಕಳಿಗೆ ಕಾಲು, ಅರೆ, ಮುಕ್ಕಾಲು ಮಗ್ಗಿ ಬಾಯಿಪಾಠ ಮಾಡಿಸ್ತಿದ್ದದ್ದೇ ಈ 16ರ ಲೆಕ್ಕಕ್ಕೆ.

ಸೇರು ಹೋಯ್ತು, ಕಿಲೋ ಬಂತು

ಪೈಸೆ ಲೆಕ್ಕ ಕೈಗೆ ಹತ್ತೋದ್ರೊಳಗೆ ತೂಕವೂ ಬದಲಾಯ್ತು. 1956ರ ಕಾಯ್ದೆ ಪ್ರಕಾರ 1958ರ ಅಕ್ಟೋಬರ್‌ನಿಂದ ಹಂತ ಹಂತವಾಗಿ ಕಿಲೋ, ಗ್ರಾಂ ಬಂದವು. 80 ತೊಲೆಯ ಸೇರು ಅಂದ್ರೆ ಸುಮಾರು 933 ಗ್ರಾಂ. ಸೇರಿಗೆ ಎಂಟಾಣೆ ಇದ್ದ ಬೇಳೆ ಕಿಲೋಗೆ ಎಂಟಾಣೆ ಅಂತ ಮಾರಿದ್ರೆ ಅಂಗಡಿಯವರಿಗೆ ಲುಕ್ಸಾನು, ಸರಿಯಾದ ದರ 54 ಪೈಸೆ. ರೇಟು ಏರಿಸಿದ್ರಿ ಅಂತ ಗಿರಾಕಿ ಅಂದ್ರೆ, ಏರಿಸಿಲ್ಲ, ತೂಕ ದೊಡ್ಡದಾಗ್ಯಾದ ಅಂತ ತಿಳಿಸಿ ಹೇಳೋದು ಹೆಂಗ?

ಅಷ್ಟಾದರೂ ಮಂದಿ ಹೊಂದಿಕೊಂಡ್ರು. 1964ರ ಜೂನ್ 1ರಿಂದ "ನಯಾ" ಅನ್ನೋದು ಬಿಟ್ಟು ಬರೇ ಪೈಸೆ ಆಯ್ತು. ನನಗನ್ನಿಸೋ ಪ್ರಕಾರ ಈ ಬದಲಾವಣೆ ದಡ ಸೇರಿದ್ದು ನಾಕಾಣೆ, ಎಂಟಾಣೆಯಿಂದ. ಇವೆರಡು ಮಾತ್ರ ಹೊಸ ಲೆಕ್ಕಕ್ಕೆ ಚೂರೂ ಫರಕಿಲ್ಲದೆ ಕೂತವು, ಹಾಗಾಗಿ ಹೆಸರೂ ಉಳೀತು. ಬ್ರಿಟನ್ನಿನವರು ತಮ್ಮ 240 ಪೆನ್ಸಿನ ಪೌಂಡನ್ನು 100ಕ್ಕೆ ತಂದದ್ದು 1971ರ ಫೆಬ್ರವರಿ 15ರಂದು, ನಮಗಿಂತ ಹದಿನಾಲ್ಕು ವರ್ಷ ತಡ.

ಈಗ ಯಾವುದು ನಡೀತದ?

25 ಪೈಸೆ ಮತ್ತು ಅದಕ್ಕಿಂತ ಸಣ್ಣ ನಾಣ್ಯ 2011ರ ಜೂನ್ 30ರಿಂದ ರದ್ದು. 50 ಪೈಸೆ ರದ್ದಾಗಿಲ್ಲ. ಕಾಯ್ದೆ ಪ್ರಕಾರ 10 ರೂಪಾಯಿ ಮೊತ್ತದ ತನಕ 50 ಪೈಸೆ ನಾಣ್ಯದಾಗ ಕೊಡಬಹುದು, 1 ರೂಪಾಯಿ ಮತ್ತು ಮ್ಯಾಲಿನ ನಾಣ್ಯದಾಗ 1000 ರೂಪಾಯಿ ತನಕ. 10 ರೂಪಾಯಿ ನಾಣ್ಯ ನಡೆಯೋದಿಲ್ಲ ಅಂತ ಇನ್ನೂ ವಾಪಸ್ ಕೊಡೋರು ಇದ್ದಾರ. ಅದರ 14 ನಮೂನೆಗಳೂ ಚಲಾವಣೆಯಲ್ಲಿ ಇವೆ ಅಂತ ರಿಸರ್ವ್ ಬ್ಯಾಂಕ್ 2018ರ ಜನವರಿಯಲ್ಲೇ ತಿಳಿಸಿದೆ. ರೂಪಾಯಿ ಚಿಹ್ನೆ ಇದ್ದದ್ದೂ ನಡೀತದ, ಇಲ್ಲದ್ದೂ ನಡೀತದ.

ಆಣೆ ಪೂರ್ತಿ ಹೋಗಿಲ್ಲ, ಜಮೀನಿನ ಲೆಕ್ಕದಾಗ ಇನ್ನೂ ಅದ. 40 ಗುಂಟೆಗೆ ಒಂದು ಎಕರೆ, 16 ಆಣೆಗೆ ಒಂದು ಗುಂಟೆ. ಗುಂಟೆ ಅಂದ್ರೆ 1089 ಚದರ ಅಡಿ, ಆಣೆ ಅಂದ್ರೆ ಸುಮಾರು 68 ಚದರ ಅಡಿ. ಆದ್ರೆ ಅಣ್ತಮ್ಮಂದಿರ ಪಾಲಿನ ಮಾತಿನಾಗ "ನಾಕಾಣೆ ಪಾಲು" ಅಂದ್ರೆ ಹದಿನಾರರಲ್ಲಿ ನಾಕು ಭಾಗ. 4 ಎಕರೆ ಹೊಲದಾಗ ನಾಕಾಣೆ ಪಾಲು ಅಂದ್ರೆ ಒಂದು ಎಕರೆ. ಅದೇ ನಾಕಾಣೆ ಜಾಗ ಅಂದ್ರೆ ಕಾಲು ಗುಂಟೆ, ಒಂದು ಸಣ್ಣ ಖೋಲಿಯಷ್ಟು. ಹಳೇ ವಾಟ್ನಿ ಪತ್ರದಾಗ ಬರೇ "4 ಆಣೆ" ಅಂತ ಇದ್ರೆ ಸಹಿ ಹಾಕೋ ಮೊದಲು ಯಾವ ಆಣೆ ಅಂತ ಕೇಳ್ಕೊಳ್ಳಿ.