ಮಾರಾಟದ ಲೆಕ್ಕ ಮತ್ತು ಗಿರಾಕಿಯ ಶೋಧ

ಹಳೆಯ ಮಾರಾಟದ ಲೆಕ್ಕವನ್ನು ಓದಿ, ಹೊಸ ಗಿರಾಕಿ ಯಾರಾಗಬಹುದು, ಎಲ್ಲಿರಬಹುದು ಎಂದು ಅಂದಾಜಿಸುವ ವ್ಯಾಪಾರ ಪದ್ಧತಿ. ಇಂದು ಇದು ಕಂಪ್ಯೂಟರಿನ ಕೆಲಸವೆಂದು ತೋರುತ್ತದೆ. ಹುಟ್ಟಿದ್ದು ಮಾತ್ರ ಅಂಚೆಯ ಆಸರೆಯಲ್ಲಿ.

ಲೆಕ್ಕ ಬರೆಯುವ ರೂಢಿ ಇದಕ್ಕಿಂತ ಎಷ್ಟೋ ಹಳೆಯದು. ಕನ್ನಡ ನಾಡಿನ ವರ್ತಕರು ಕಡತದಲ್ಲಿ ಬರೆಯುತ್ತಿದ್ದರು. ಹುಣಸೆಬೀಜದ ಅಂಟು, ಇದ್ದಿಲ ಪುಡಿ ಬಳಿದು ಕಪ್ಪಾಗಿಸಿ ಪದರು ಪದರಾಗಿ ಮಡಚಿದ ಬಟ್ಟೆ ಅದು, ಬರೆಯಲು ಬಳಪ. 19ನೆಯ ಶತಮಾನದ ಆರಂಭದಲ್ಲಿ ಮೈಸೂರಿನ ಚರಿತ್ರೆ ಬರೆದ ಮಾರ್ಕ್ ವಿಲ್ಕ್ಸ್ ಇದನ್ನು ವಿವರಿಸಿದ್ದಾನೆ. ಬರೆದದ್ದನ್ನು ಅಳಿಸಿ ಮತ್ತೆ ಬರೆಯಬಹುದಿತ್ತು. ಆಮೇಲೆ ಕಾಗದದ ಪುಸ್ತಕಗಳು ಬಂದವು: ಕಿರ್ದಿಯಲ್ಲಿ ದಿನದ ವ್ಯವಹಾರ, ಖಾತೆಯಲ್ಲಿ ಒಬ್ಬೊಬ್ಬರ ಹೆಸರಿನಲ್ಲಿ ಒಂದೊಂದು ಪುಟ. ಆದರೆ ಖಾತೆಗೆ ಗೊತ್ತಿದ್ದ ಪ್ರಶ್ನೆ ಒಂದೇ, ಯಾರ ಉದ್ರಿ ಎಷ್ಟು ಬಾಕಿ ಇದೆ ಎಂಬುದು. ಬಾಕಿ ತೀರಿಸಿದವನ ಹೆಸರಿನ ಮೇಲೆ ಗೆರೆ ಬೀಳುತ್ತಿತ್ತು. ಕೈಯಲ್ಲಿ ನಗದು ಹಿಡಿದು ಬರುತ್ತಿದ್ದ ಒಳ್ಳೆಯ ಗಿರಾಕಿಯ ಹೆಸರಂತೂ ಪುಸ್ತಕಕ್ಕೆ ಏರುತ್ತಲೇ ಇರಲಿಲ್ಲ. ಅವನ ಲೆಕ್ಕವೆಲ್ಲ ಸಾಹುಕಾರರ ತಲೆಯಲ್ಲಿ.

ಯಂತ್ರ ಬಂದಾಗಲೂ ಈ ಕೊರತೆ ನೀಗಲಿಲ್ಲ. 1879ರಲ್ಲಿ ಅಮೆರಿಕದ ಡೇಟನ್ ಊರಿನ ಮದ್ಯದಂಗಡಿಯ ಮಾಲೀಕ ಜೇಮ್ಸ್ ರಿಟ್ಟಿ ನಗದು ಯಂತ್ರಕ್ಕೆ ಪೇಟೆಂಟ್ ಪಡೆದದ್ದು, ಕೆಲಸಗಾರರು ಗಲ್ಲಾದಿಂದ ಹಣ ಎಗರಿಸುವುದನ್ನು ತಡೆಯಲಿಕ್ಕೆ. ಎಷ್ಟು ಹಣ ಬಂತೆಂದು ಯಂತ್ರ ಹೇಳುತ್ತಿತ್ತು. ಯಾರಿಂದ ಬಂತೆಂದು ಹೇಳುತ್ತಿರಲಿಲ್ಲ.

ಹೆಸರೂ ವಿಳಾಸವೂ ತಾವಾಗಿಯೇ ಕೈಗೆ ಬಂದದ್ದು ಅಂಚೆ ವ್ಯಾಪಾರಿಗಳಿಗೆ. 1872ರಲ್ಲಿ ಷಿಕಾಗೋದ ಆರನ್ ಮಾಂಟ್‌ಗೊಮೆರಿ ವಾರ್ಡ್ 163 ಸಾಮಾನುಗಳ ಬೆಲೆಪಟ್ಟಿಯನ್ನು ಒಂದೇ ಹಾಳೆಯಲ್ಲಿ ಅಚ್ಚು ಹಾಕಿಸಿ ಹಳ್ಳಿಗಳ ರೈತರಿಗೆ ಕಳಿಸಿದ. ಮುಂದೆ ಸಿಯರ್ಸ್ ಮೊದಲಾದ ಸಂಸ್ಥೆಗಳು ಅದೇ ದಾರಿ ಹಿಡಿದವು, ಹಾಳೆ ದಪ್ಪ ಪುಸ್ತಕವಾಯಿತು. ಪುಸ್ತಕ ಅಚ್ಚು ಹಾಕಿಸಲು ಖರ್ಚು, ಕಳಿಸಲು ಅಂಚೆ ವೆಚ್ಚ. ಹೀಗಾಗಿ ಯಾರಿಗೆ ಕಳಿಸಬೇಕು, ಯಾರನ್ನು ಬಿಡಬೇಕು ಎನ್ನುವುದೇ ಲಾಭನಷ್ಟದ ಪ್ರಶ್ನೆಯಾಯಿತು. ಅವರು ಗಿರಾಕಿಗಳನ್ನು ಮೂರು ಅಳತೆಗಳಲ್ಲಿ ತೂಗಿದರು: ಕೊನೆಯ ಸಲ ಕೊಂಡದ್ದು ಯಾವಾಗ, ಎಷ್ಟು ಸಲ ಕೊಂಡಿದ್ದಾನೆ, ಒಟ್ಟು ಎಷ್ಟು ಹಣದ್ದು. ಈ ಮೂರರ ಇಂಗ್ಲಿಷ್ ಮೊದಲಕ್ಷರಗಳಿಂದ ಇದಕ್ಕೆ ಆರ್‌ಎಫ್‌ಎಂ ಎಂಬ ಹೆಸರು ಬಂತು. ಹಣದ ಮೊತ್ತ ಕೊನೆಗಿರುವುದನ್ನು ಗಮನಿಸಬೇಕು. ಮೂರು ವರ್ಷದ ಹಿಂದೆ 5,000 ರೂಪಾಯಿಯ ಮಾಲು ಕೊಂಡು ಆಮೇಲೆ ಸುಳಿಯದವನಿಗಿಂತ, ಹೋದ ತಿಂಗಳು 300 ರೂಪಾಯಿ ಕೊಟ್ಟುಹೋದವನು ಮತ್ತೆ ಬರುವ ಸಂಭವ ಹೆಚ್ಚು ಎಂಬುದು ಅಂಚೆ ವ್ಯಾಪಾರಿಗಳ ಅನುಭವ. ಯಾವ ಜಾಹೀರಾತು ಯಾರನ್ನು ಕರೆತಂದಿತು ಎಂದು ತಿಳಿಯಲು ಕೂಪನ್ನಿನ ಮೇಲೆ ಗುಟ್ಟಿನ ಗುರುತು ಅಚ್ಚು ಹಾಕುವ ಉಪಾಯವೂ ಇವರದೇ. ಕ್ಲಾಡ್ ಹಾಪ್‌ಕಿನ್ಸ್ 1923ರಲ್ಲಿ ಬರೆದ ಜಾಹೀರಾತು ಶಾಸ್ತ್ರದ ಪುಸ್ತಕ ಈ ಬಗೆಯ ಎಣಿಕೆಯ ಮೇಲೆಯೇ ನಿಂತಿದೆ.

ಇಲ್ಲಿಯವರೆಗಿನದು ಹಳಬರನ್ನು ಜರಡಿ ಹಿಡಿಯುವ ಕೆಲಸ. ಹೊಸಬರನ್ನು ಹುಡುಕಲು ಮೊದಲ ಮಾರ್ಗ ಬೇರೆ ವ್ಯಾಪಾರಿಗಳ ಗಿರಾಕಿ ಪಟ್ಟಿಗಳನ್ನು ಬಾಡಿಗೆಗೆ ಪಡೆಯುವುದು. ಬೀಜ ಮಾರುವವನ ಪಟ್ಟಿ ತೋಟದ ಸಲಕರಣೆ ಮಾರುವವನಿಗೂ ಬೇಕಾಗುತ್ತದೆ. ಎರಡನೆಯದು ಭೂಗೋಳ. ಅಮೆರಿಕದಲ್ಲಿ 1963ರ ಜುಲೈ 1ರಂದು ಜಿಪ್ ಕೋಡ್ ಎಂಬ ಅಂಚೆ ಸಂಖ್ಯೆ ಬಂತು. 1970ರ ದಶಕದಲ್ಲಿ ಜೊನಾಥನ್ ರಾಬಿನ್ ಅವರ ಕ್ಲಾರಿಟಾಸ್ ಸಂಸ್ಥೆ ಜನಗಣತಿಯನ್ನು ಈ ಕೋಡುಗಳ ಜೊತೆ ಕೂಡಿಸಿ, ದೇಶದ ನೆರೆಹೊರೆಗಳನ್ನೆಲ್ಲ 40 ಗುಂಪುಗಳಾಗಿ ವಿಂಗಡಿಸಿತು. ಈಗಿರುವ ಗಿರಾಕಿಗಳು ಹೆಚ್ಚಾಗಿ ಯಾವ ಗುಂಪಿನವರೋ ನೋಡಿ, ಅದೇ ಗುಂಪಿನ ಬೇರೆ ಬಡಾವಣೆಗಳಿಗೆ ಹೋದರಾಯಿತು. ಭಾರತಕ್ಕೆ ಪಿನ್ ಕೋಡ್ ಬಂದದ್ದು 1972ರ ಆಗಸ್ಟ್ 15ರಂದು. ಆದರೆ ಬಂಗಲೆಯೂ ವಠಾರವೂ ಒಂದೇ ಪಿನ್‌ನೊಳಗೆ ಇರುವ ನಮ್ಮ ಊರುಗಳಲ್ಲಿ ಈ ತರ್ಕವನ್ನು ಹಾಗೆಯೇ ಎತ್ತಿ ತರಲಾಗದು.

ಮೂರನೆಯ ಮಾರ್ಗ ಅಂಗಡಿಯ ಬಿಲ್ಲು. 1974ರ ಜೂನ್ 26ರಂದು ಅಮೆರಿಕದ ಒಹಾಯೊದ ಟ್ರಾಯ್ ಊರಿನ ಮಾರ್ಷ್ ಅಂಗಡಿಯಲ್ಲಿ ರಿಗ್ಲಿ ಚ್ಯೂಯಿಂಗ್ ಗಮ್ ಪೊಟ್ಟಣದ ಬಾರ್‌ಕೋಡನ್ನು ಯಂತ್ರ ಓದಿತು. ಅಲ್ಲಿಂದ ಮುಂದೆ ಪ್ರತಿ ಬಿಲ್ಲಿನಲ್ಲೂ ಯಾವ ಸಾಮಾನು ಯಾವುದರ ಜೊತೆ ಹೋಯಿತೆಂಬ ದಾಖಲೆ ಉಳಿಯತೊಡಗಿತು. ಈ ರಾಶಿಯನ್ನು ಓದುವ ಸೂತ್ರವನ್ನು 1993ರಲ್ಲಿ ಐಬಿಎಂನ ರಾಕೇಶ್ ಅಗರವಾಲ್, ತೊಮಾಷ್ ಇಮಿಲಿನ್‌ಸ್ಕಿ, ಅರುಣ್ ಸ್ವಾಮಿ ಮುಂದಿಟ್ಟರು. ಮರುವರ್ಷ ಅಗರವಾಲ್ ಮತ್ತು ರಾಮಕೃಷ್ಣನ್ ಶ್ರೀಕಾಂತ್ ಅದನ್ನು ವೇಗಗೊಳಿಸಿದರು. ಲೆಕ್ಕ ಸರಳವೇ. 1,000 ಬಿಲ್ಲುಗಳಲ್ಲಿ 300ರಲ್ಲಿ ತುಪ್ಪ, 100ರಲ್ಲಿ ಚಿರೋಟಿ ರವೆ ಇದೆಯೆನ್ನಿ. ರವೆಯ 100 ಬಿಲ್ಲುಗಳ ಪೈಕಿ 60ರಲ್ಲಿ ತುಪ್ಪವೂ ಇದ್ದರೆ, ರವೆ ಕೊಂಡವರು ತುಪ್ಪ ಕೊಳ್ಳುವ ಸಂಭವ ಒಟ್ಟು ಬಿಲ್ಲುಗಳ ಸರಾಸರಿಯಾದ ಶೇ. 30ರ ಎರಡು ಪಟ್ಟು. ತುಪ್ಪವನ್ನು ಇನ್ನೂ ಕೊಳ್ಳದ ಉಳಿದ 40 ಬಿಲ್ಲಿನವರೇ ತುಪ್ಪದ ಹೊಸ ಗಿರಾಕಿಗಳಾಗಬಲ್ಲವರು. ಬಿಯರ್ ಮತ್ತು ಮಕ್ಕಳ ಡೈಪರ್ ಒಟ್ಟಿಗೆ ಮಾರಾಟವಾಗುತ್ತವೆಂಬ ಪ್ರಸಿದ್ಧ ಕತೆಗೆ 1992ರಲ್ಲಿ ಓಸ್ಕೊ ಅಂಗಡಿಗಳ ಬಿಲ್ಲುಗಳ ಮೇಲೆ ನಡೆದ ಒಂದು ವಿಶ್ಲೇಷಣೆಯ ಆಧಾರವಿದೆ. ಅದನ್ನು ನಂಬಿ ಕಪಾಟುಗಳ ಜಾಗ ಬದಲಿಸಿದರೆಂಬುದು ಮಾತ್ರ ಬೆಳೆದುಬಂದ ಬಣ್ಣ.

ಬ್ರಿಟನ್ನಿನಲ್ಲಿ ಬಿಲ್ಲಿಗೆ ಹೆಸರು ಅಂಟಿಸಿದ್ದು ಟೆಸ್ಕೊ ಅಂಗಡಿಗಳು, 1995ರ ಕ್ಲಬ್‌ಕಾರ್ಡಿನಿಂದ. ರಿಯಾಯಿತಿಯ ಆಸೆಗೆ ಗಿರಾಕಿಯೇ ತನ್ನ ಗುರುತು ಕೊಟ್ಟ. ವಿಶ್ಲೇಷಣೆ ಮಾಡಿದ್ದು ಎಡ್ವಿನಾ ಡನ್, ಕ್ಲೈವ್ ಹಂಬಿ ದಂಪತಿಯ ಸಂಸ್ಥೆ.

ಸಣ್ಣ ಅಂಗಡಿಗಳಿಗೆ ಇದೆಲ್ಲ ತಲುಪಿದ್ದು ತಡವಾಗಿ, ಅದೂ ಹಿತ್ತಲ ಬಾಗಿಲಿನಿಂದ. ತಮ್ಮ ಯಂತ್ರಭಾಗಗಳ ವ್ಯಾಪಾರಕ್ಕೆ ಹೊಂದುವ ಲೆಕ್ಕದ ತಂತ್ರಾಂಶ ಸಿಗದೆ ಶ್ಯಾಮಸುಂದರ ಗೋಯೆಂಕಾ ಮಗ ಭರತ್ ಗೋಯೆಂಕಾ ಅವರಿಂದ ಒಂದನ್ನು ಬರೆಸಿದರು. 1986ರಲ್ಲಿ ಶುರುವಾದ ಅವರ ಬೆಂಗಳೂರು ಸಂಸ್ಥೆಯ ಟ್ಯಾಲಿ ತಂತ್ರಾಂಶ ದೇಶದ ಅಂಗಡಿ ಅಂಗಡಿಗೂ ಹೋಯಿತು. 2016ರ ಯುಪಿಐ ಮತ್ತು 2017ರ ಜುಲೈ 1ರ ಜಿಎಸ್‌ಟಿ ಹಿಂದೆ ನಗದಿನಲ್ಲಿ ನಡೆಯುತ್ತಿದ್ದ ವ್ಯಾಪಾರಕ್ಕೂ ಜಾಡು ಕೊಟ್ಟವು. ಓಕೆ ಕ್ರೆಡಿಟ್, ಖಾತಾಬುಕ್‌ನಂಥ ಬೆಂಗಳೂರಿನ ಆ್ಯಪ್‌ಗಳು ಉದ್ರಿ ಪುಸ್ತಕವನ್ನೇ ಮೊಬೈಲಿಗೆ ತಂದವು. ಇವೆಲ್ಲ ಬಂದದ್ದು ತೆರಿಗೆ, ಪಾವತಿ, ಬಾಕಿ ವಸೂಲಿಗಾಗಿ. ಆದರೂ ಎಷ್ಟೋ ಗಿರಾಕಿಗಳು ಕೊಂಡ ತಾರೀಖು, ಮೊತ್ತ, ಮೊಬೈಲ್ ಸಂಖ್ಯೆ ಒಂದೆಡೆ ಕೂಡಿಬಿದ್ದವು. ಕೊನೆಯ ಸಲ ಬಂದದ್ದು ಯಾವಾಗ ಎಂಬ ಅಂಚೆ ವ್ಯಾಪಾರಿಗಳ ಪ್ರಶ್ನೆಯನ್ನು ಈಗ ಯಾವ ಕಿರಾಣಿಯವನೂ ಕೇಳಬಹುದು.

2013ರಲ್ಲಿ ಫೇಸ್‌ಬುಕ್ ತಂದ 'ಲುಕ್‌ಅಲೈಕ್' ಸೌಲಭ್ಯ ಈ ಪದ್ಧತಿಯ ಇನ್ನೊಂದು ರೂಪ. ಕನಿಷ್ಠ 100 ಗಿರಾಕಿಗಳ ಪಟ್ಟಿ ಕೊಟ್ಟರೆ ಅವರನ್ನು ಹೋಲುವವರಿಗೆ ಜಾಹೀರಾತು ತೋರಿಸುತ್ತದೆ. ಯಾವ ವಿಷಯದಲ್ಲಿ ಹೋಲಿಕೆ ಎಂಬುದು ಅಂಗಡಿಯವನಿಗೆ ಕಾಣುವುದಿಲ್ಲ. ಪಟ್ಟಿಯಲ್ಲಿ ಒಂದೇ ವರ್ಗದ ಜನರಿದ್ದರೆ ಹೊಸಬರೂ ಅದೇ ವರ್ಗದವರಾಗುತ್ತಾರೆ. ಅಂಗಡಿಯ ಮೆಟ್ಟಿಲನ್ನೇ ಹತ್ತದವರ ಬಗ್ಗೆ ಮಾರಾಟದ ಲೆಕ್ಕ ಮೂಕ. ಇಂಥ ತಾರತಮ್ಯದ ದೂರಿನ ಮೇಲೆ 2019ರಲ್ಲಿ ಫೇಸ್‌ಬುಕ್ ಅಮೆರಿಕದ ನಾಗರಿಕ ಹಕ್ಕು ಸಂಘಟನೆಗಳೊಡನೆ ರಾಜಿಗೆ ಬಂದು, ಮನೆ, ಉದ್ಯೋಗ, ಸಾಲದ ಜಾಹೀರಾತುಗಳ ನಿಯಮ ಬದಲಿಸಿತು. ಭಾರತದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ ಒಪ್ಪಿಗೆ ಯಾವ ಉದ್ದೇಶಕ್ಕೆ ಕೊಟ್ಟದ್ದೋ ಅದಕ್ಕಷ್ಟೇ ಸಲ್ಲುತ್ತದೆ. ಆ ಉದ್ದೇಶ ತೀರಿದ ಮೇಲೆ, ಬೇರೆ ಕಾನೂನು ಉಳಿಸಿಕೊಳ್ಳಲು ಹೇಳದಿದ್ದರೆ, ವಿವರವನ್ನು ಅಳಿಸಬೇಕು.